ಪಾತ್ರೆ ತೊಳೆದ ನೀರು ಬಾಳೆಗಿಡಕ್ಕೆ ಹೋಗಬೇಕಿತ್ತು

ಬೆಂಗಳೂರಿನ ವರ್ತೂರು ಕೋಡಿ ದಾಟಿ ಕೆಲಸಕ್ಕೆ ಹೋಗುತ್ತಿದ್ದ ದಿನಗಳಲ್ಲಿ ನನ್ನ ಸ್ಕೂಟರ್ ಮೇಲೆ ಕೆರೆಯ ನೊರೆ ಬಂದು ಬೀಳುತ್ತಿತ್ತು. ಜೋರು ಮಳೆಯ ಮರುದಿನವಂತೂ ಸೇತುವೆ ಪಕ್ಕ ಆಳೆತ್ತರಕ್ಕೆ ಬೆಳ್ಳಗೆ ನಿಂತಿರುತ್ತಿತ್ತು. ಗಾಳಿ ಬೀಸಿದರೆ ಹತ್ತಿಯ ಹಾಗೆ ಹಾರಿ ರಸ್ತೆಗೆ ಬರುತ್ತಿತ್ತು. 2015ರ ಮೇ ತಿಂಗಳಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿಯೇ ಹತ್ತಿತು.

ಆಗ ನಾನು ಒಂದು ಡಿಟರ್ಜೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿದ್ದೆ. ಉದ್ದನೆಯ ಗಾಜಿನ ಸಿಲಿಂಡರಿಗೆ ಸ್ಯಾಂಪಲ್ ಹಾಕುವುದು, ಕುಲುಕುವುದು, ನೊರೆ ಎಷ್ಟು ಎತ್ತರ ಎದ್ದಿತು, ಐದು ನಿಮಿಷದಲ್ಲಿ ಎಷ್ಟು ಇಳಿಯಿತು ಅಂತ ಬರೆಯುವುದು. ಇಳಿಯದಿದ್ದರೆ ಪಾಸು. ಒಂದು ಸಂಜೆ ಹೆಲ್ಮೆಟ್ಟಿನ ಗಾಜಿಗೆ ಅಂಟಿದ ನೊರೆ ಒರೆಸುವಾಗ, ಇದರಲ್ಲಿ ನಾನು ಪಾಸು ಮಾಡಿದ್ದೂ ಇದೆ ಅಲ್ವಾ ಅಂತ ಹೊಳೆಯಿತು. ಆ ಯೋಚನೆ ಆಮೇಲೆ ತಲೆಯಿಂದ ಹೋಗಲೇ ಇಲ್ಲ.

ಬಟ್ಟೆ ಪುಡಿ, ಪಾತ್ರೆ ಸೋಪುಗಳಲ್ಲಿ ಕೊಳೆ ಬಿಡಿಸುವ ಮುಖ್ಯ ವಸ್ತುವನ್ನು ನಾವು ಲ್ಯಾಬಿನವರು ಎಲ್‌ಎಎಸ್ ಅಂತ ಕರೆಯುತ್ತೇವೆ. ಕಚ್ಚಾ ತೈಲದಿಂದ ಬರುವ ಸೀಮೆಎಣ್ಣೆಯೇ ಅದರ ಮೂಲ. ಅದಕ್ಕಿಂತ ಹಿಂದೆ ಬಳಸುತ್ತಿದ್ದ ವಸ್ತುವಿನ ಅಣು ಮರದ ಕೊಂಬೆಯ ಹಾಗೆ ಕವಲು ಕವಲಾಗಿತ್ತು. ಬ್ಯಾಕ್ಟೀರಿಯಾಗಳಿಗೆ ಅದು ಜೀರ್ಣವಾಗುತ್ತಿರಲಿಲ್ಲ. 1950ರ ದಶಕದಲ್ಲಿ ಯುರೋಪ್, ಅಮೆರಿಕದ ನದಿಗಳೂ ನೊರೆ ಎದ್ದು ನಿಂತಿದ್ದವು. 1960ರ ದಶಕದ ಮಧ್ಯದ ಹೊತ್ತಿಗೆ ಅಲ್ಲಿನ ಕಂಪನಿಗಳು ಕವಲಿಲ್ಲದ, ನೇರ ಸರಪಳಿಯ ಎಲ್‌ಎಎಸ್‌ಗೆ ಬದಲಾದವು. ಅವತ್ತಿಗೆ ಅದು ದೊಡ್ಡ ಸುಧಾರಣೆಯೇ. ಆದರೆ ಇದನ್ನು ತಿಂದು ಮುಗಿಸಲು ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಬೇಕು. ಶುದ್ಧ ಮಾಡದ ಕೊಳಚೆ ನೀರು ನೇರವಾಗಿ ಕೆರೆಗೆ ಬಿದ್ದರೆ ತಳದ ಹೂಳಿನಲ್ಲಿ ಆಮ್ಲಜನಕ ಎಲ್ಲಿಂದ ಬರಬೇಕು? ಅಲ್ಲೇ ಕೂತಿರುತ್ತದೆ. ಮಳೆ ನೀರು ನುಗ್ಗಿ ಹೂಳು ಕಲಕಿದಾಗ ಮೇಲೆದ್ದು ಬರುತ್ತದೆ. ಬೆಳ್ಳಂದೂರಿನಲ್ಲಿ ಐಐಎಸ್‌ಸಿಯವರು ಕಂಡುಕೊಂಡಿದ್ದೂ ಇದನ್ನೇ.

1998ರಲ್ಲಿ ಪಾಲ್ ಅನಸ್ತಾಸ್ ಮತ್ತು ಜಾನ್ ವಾರ್ನರ್ ಅನ್ನುವ ಇಬ್ಬರು ರಸಾಯನಶಾಸ್ತ್ರಜ್ಞರು ಹಸಿರು ರಸಾಯನಶಾಸ್ತ್ರಕ್ಕೆ, ಅಂದರೆ ಪರಿಸರಕ್ಕೆ ಹಾನಿಯಾಗದಂತೆ ವಸ್ತು ತಯಾರಿಸುವ ವಿದ್ಯೆಗೆ, 12 ಸೂತ್ರ ಬರೆದರು. ಹತ್ತನೆಯದನ್ನು ನಾನು ಲ್ಯಾಬಿನ ಕಪಾಟಿನ ಬಾಗಿಲಿಗೆ ಅಂಟಿಸಿಕೊಂಡಿದ್ದೆ. ಕೆಲಸ ಮುಗಿದ ಮೇಲೆ ವಸ್ತು ಹಾನಿಯಿಲ್ಲದೆ ಒಡೆದು ಹೋಗಬೇಕು, ಹಾಗೆ ಇರುವಂತೆ ಮೊದಲೇ ಯೋಚಿಸಿ ಮಾಡಬೇಕು ಅನ್ನೋದು ಅದರ ಸಾರ.

ಕೆಲಸ ಬಿಟ್ಟು ತಿಪಟೂರಿಗೆ ವಾಪಸ್ ಬಂದೆ. ಕೊಬ್ಬರಿಯ ಊರು, ಎಣ್ಣೆಗೆ ಬರವಿಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್ ಮಾಡೋಣ ಅಂತ ಹಿತ್ತಲ ಶೆಡ್ಡಿನಲ್ಲಿ ಶುರು ಮಾಡಿದೆ. ನಮ್ಮಜ್ಜಿ ತೆಂಗಿನ ನಾರಿಗೆ ಒಲೆ ಬೂದಿ ಹಚ್ಚಿ ಪಾತ್ರೆ ಬೆಳಗುತ್ತಿದ್ದರು. ಬೂದಿಯಲ್ಲಿರುವ ಪೊಟ್ಯಾಶ್ ಜಿಡ್ಡಿನ ಜೊತೆ ಸೇರಿ ಅಲ್ಲೇ ಸ್ವಲ್ಪ ಸೋಪು ಆಗುತ್ತದೆ. ನಾನೂ ಅದೇ ದಾರಿ ಹಿಡಿದೆ. ಒಂದು ಕೆಜಿ ಕೊಬ್ಬರಿ ಎಣ್ಣೆಗೆ ಸುಮಾರು 257 ಗ್ರಾಂ ಶುದ್ಧ ಕಾಸ್ಟಿಕ್ ಪೊಟ್ಯಾಶ್ ಹಿಡಿಯುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಇದನ್ನು ಮುಟ್ಟಲೇಬಾರದು. ನೀರಿಗೆ ಪೊಟ್ಯಾಶ್ ಹಾಕಬೇಕು, ಪೊಟ್ಯಾಶ್ ಮೇಲೆ ನೀರು ಸುರಿಯಬಾರದು.

ಸೋಪು ಚೆನ್ನಾಗೇ ಬಂತು. ತೊಂದರೆ ಆಗಿದ್ದು ನಮ್ಮ ಬೋರ್ ನೀರಿನಿಂದ. ನೀರಿನಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪನ್ನು ಹಿಡಿದುಕೊಂಡು ಗಸಿ ಕಟ್ಟುತ್ತವೆ. ತೊಳೆದ ಸ್ಟೀಲ್ ತಟ್ಟೆ ಒಣಗಿದ ಮೇಲೆ ಬೆರಳಿಂದ ಎಳೆದರೆ ಬಿಳೀ ಪದರದಲ್ಲಿ ಗೆರೆ ಮೂಡುತ್ತಿತ್ತು. ಅಮ್ಮ ಆ ತಟ್ಟೆಯನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದರು. ಏನೂ ಹೇಳದೆ ಮತ್ತೊಂದು ಸಲ ತೊಳೆಯಲು ಹೋದರು.

ಆಮೇಲೆ ಅಂಟುವಾಳಕಾಯಿ. ರೇಷ್ಮೆ ಸೀರೆ ಒಗೆಯಲು ಈಗಲೂ ಇದನ್ನೇ ನಂಬುವವರಿದ್ದಾರೆ. ಅದರ ಸಿಪ್ಪೆಯಲ್ಲಿರುವ, ನೊರೆ ಬರಿಸಿ ಕೊಳೆ ಬಿಡಿಸುವ ಸಪೋನಿನ್‌ಗೆ ಗಡಸು ನೀರಿನ ಕಾಟ ಅಷ್ಟಿಲ್ಲ. ರಾತ್ರಿ ನೆನೆಸಿ, ಬೆಳಿಗ್ಗೆ ಕುದಿಸಿ, ಸೋಸಿ 20 ಬಾಟಲಿ ತುಂಬಿಸಿ ಅಕ್ಕಪಕ್ಕದವರಿಗೆ ಕೊಟ್ಟೆ. ಪ್ರಿಸರ್ವೇಟಿವ್ ಹಾಕಿರಲಿಲ್ಲ. "ಕೆಮಿಕಲ್ ಇಲ್ಲ" ಅಂತ ಹೇಳಿಕೊಳ್ಳುವ ಆಸೆ ಇತ್ತು. ಐದನೇ ದಿನ ಪಕ್ಕದ ಮನೆಯವರು ಒಂದು ಬಾಟಲಿ ತಂದು ಕಟ್ಟೆ ಮೇಲಿಟ್ಟರು. ಹೊಟ್ಟೆ ಉಬ್ಬಿತ್ತು. ಮುಚ್ಚಳ ತಿರುಗಿಸಿದ ಕೂಡಲೇ ಬುಸ್ ಅಂತ ಗಾಳಿ ಬಂತು, ಹಿಂದೆಯೇ ಹಳಸಿದ ಹಿಟ್ಟಿನಂಥ ವಾಸನೆ. ಕೊಟ್ಟಿದ್ದಷ್ಟನ್ನೂ ಮನೆ ಮನೆಗೆ ಹೋಗಿ ವಾಪಸ್ ತಂದೆ. ನಾಲ್ಕು ದಿನಕ್ಕೆ ಕೆಟ್ಟು ಚೆಲ್ಲಬೇಕಾದ ವಸ್ತು ಗಿಡದಿಂದ ಬಂದಿದ್ದರೂ ಹಸಿರು ಅಂತ ನಾನು ಒಪ್ಪುವುದಿಲ್ಲ. ಅದಕ್ಕೆ ಸುಟ್ಟ ಸೌದೆ, ಬಳಸಿದ ನೀರು, ಬಾಟಲಿ ಎಲ್ಲವೂ ದಂಡ. ಅವತ್ತಿಂದ "ಕೆಮಿಕಲ್ ಇಲ್ಲ" ಅನ್ನುವ ಮಾತನ್ನೂ ಬಿಟ್ಟೆ. ನೀರೂ ಒಂದು ಕೆಮಿಕಲ್ಲೇ.

ಮೂರನೇ ದಾರಿ ಗ್ಲುಕೋಸೈಡ್. ತೆಂಗಿನೆಣ್ಣೆ ಅಥವಾ ತಾಳೆ ಬೀಜದ ಎಣ್ಣೆಯಿಂದ ಬರುವ ಆಲ್ಕೋಹಾಲನ್ನು ಮೆಕ್ಕೆಜೋಳದಂಥ ಪಿಷ್ಟದ ಸಕ್ಕರೆಗೆ ಜೋಡಿಸಿ ಮಾಡುವ ವಸ್ತು. ನೋಡಲು ಜೇನುತುಪ್ಪದಷ್ಟು ಗಟ್ಟಿ. ಗಡಸು ನೀರಿನಲ್ಲೂ ಕೆಲಸ ಮಾಡುತ್ತದೆ, ಕೈಗೆ ಮೃದು. ಎಲ್ಲಕ್ಕಿಂತ ಮುಖ್ಯವಾಗಿ, ಆಮ್ಲಜನಕ ಇದ್ದರೂ ಇಲ್ಲದಿದ್ದರೂ ಬ್ಯಾಕ್ಟೀರಿಯಾಗಳು ಇದನ್ನು ತಿನ್ನುತ್ತವೆ. ಬೆಲೆ ಮಾತ್ರ ಜಾಸ್ತಿ. ತಾಳೆ ಎಣ್ಣೆಯದಾದರೆ ಕಾಡು ಕಡಿದ ತೋಟದ್ದೋ ಅನ್ನುವ ಪ್ರಶ್ನೆಯೂ ಇದೆ. ಹಾಗಾಗಿ ನಾನು ತೆಂಗಿನದ್ದೇ ಬೇಕು ಅಂತ ಕೇಳಿ, ಕಾಗದ ನೋಡಿ ತರಿಸುತ್ತೇನೆ.

ಈಗ ಹತ್ತು ಕೆಜಿಗೆ ನನ್ನ ಅಳತೆ ಹೀಗಿದೆ. ಶೇ. 50ರ ಗ್ಲುಕೋಸೈಡ್ ಎರಡು ಕೆಜಿ, ಸೋಡಿಯಂ ಸಿಟ್ರೇಟ್ 200 ಗ್ರಾಂ, ಗ್ಲಿಸರಿನ್ 100 ಗ್ರಾಂ, ಕ್ಸಾಂಥನ್ ಗಮ್ 60 ಗ್ರಾಂ, ಸೋಡಿಯಂ ಬೆಂಜೊಯೇಟ್ 40 ಗ್ರಾಂ, ಪೊಟ್ಯಾಸಿಯಂ ಸೋರ್ಬೇಟ್ 20 ಗ್ರಾಂ, ಸಿಟ್ರಿಕ್ ಆಸಿಡ್ 100ರಿಂದ 120 ಗ್ರಾಂ. ಉಳಿದದ್ದು ಶುದ್ಧ ನೀರು. ತಟ್ಟೆ ಮೇಲೆ ಬಿಳೀ ಕಲೆ ನಿಲ್ಲದಂತೆ ನೋಡಿಕೊಳ್ಳುವುದು ಸಿಟ್ರೇಟ್‌ನ ಕೆಲಸ. ಕಾರ್ಖಾನೆಯಲ್ಲಿ ಗಟ್ಟಿ ಬರಿಸಲು ಒಂದು ಹಿಡಿ ಉಪ್ಪು ಹಾಕಿದರೆ ಸಾಕಾಗುತ್ತಿತ್ತು. ಇಲ್ಲಿ ಎಷ್ಟು ಉಪ್ಪು ಹಾಕಿದರೂ ನೀರು ನೀರಾಗೇ ಇತ್ತು. ಗ್ಲುಕೋಸೈಡ್ ಉಪ್ಪಿಗೆ ಬಗ್ಗುವುದಿಲ್ಲ ಅಂತ ಮೂರು ಬಕೆಟ್ ಹಾಳಾದ ಮೇಲೆ ಅರ್ಥವಾಯಿತು. ಅದಕ್ಕೇ ಗಮ್. ಗಮ್ಮನ್ನು ನೇರ ನೀರಿಗೆ ಹಾಕಿದರೆ ರಾಗಿ ಮುದ್ದೆಯ ಗಂಟಿನ ಹಾಗೆ ಗಂಟು ಕಟ್ಟುತ್ತದೆ. ಮೊದಲು ಗ್ಲಿಸರಿನ್‌ನಲ್ಲಿ ಕಲಸಿಕೊಂಡು ಆಮೇಲೆ ನೀರಿಗೆ ಬಿಡಬೇಕು.

ಹುಳಿ ಹಾಕುವ ಹಂತ ನನಗೆ ತುಂಬಾ ಇಷ್ಟ. ಗ್ಲುಕೋಸೈಡ್ ಬರುವಾಗ ಅದರ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 12ರ ಹತ್ತಿರ ಇರುತ್ತದೆ. ಲಿಕ್ವಿಡ್ ಕೆಡದಂತೆ ಕಾಯುವ ಬೆಂಜೊಯೇಟ್ ಕೆಲಸ ಮಾಡಬೇಕಾದರೆ ಅದು 5ಕ್ಕೆ ಇಳಿಯಬೇಕು. ಇಲ್ಲದಿದ್ದರೆ ಹಾಕಿಯೂ ಹಾಕದ ಹಾಗೆ. ಸಹಾಯಕ್ಕೆ ಬರುವ ಹುಡುಗಿಯರಿಗೆ ಪಿಎಚ್ ಅಂದರೇನು ಅಂತ ಹೇಳಲು ಬಿಳೀ ಕಾಗದಕ್ಕೆ ಅರಿಶಿನ ಹಚ್ಚಿ ಒಣಗಿಸಿಟ್ಟಿದ್ದೇನೆ. ಗ್ಲುಕೋಸೈಡಿನ ಒಂದು ಹನಿ ಬಿಟ್ಟರೆ ಕೆಂಪು. ಮದುವೆಯಲ್ಲಿ ಅರಿಶಿನಕ್ಕೆ ಸುಣ್ಣ ಸೇರಿಸಿ ಆರತಿ ನೀರು ಮಾಡುತ್ತೇವಲ್ಲ, ಅದೇ ಕೆಂಪು. ಸಿಟ್ರಿಕ್ ಆಸಿಡ್ ಚೂರು ಚೂರೇ ಹಾಕುತ್ತಾ ಮತ್ತೆ ಹನಿ ಬಿಟ್ಟರೆ ಒಂದು ಹಂತದಲ್ಲಿ ಹಳದಿ ಹಳದಿಯಾಗೇ ಉಳಿಯುತ್ತದೆ. ಅಲ್ಲಿಂದ 5ರವರೆಗೆ ಮೀಟರ್ ಬೇಕೇ ಬೇಕು, ಅಷ್ಟು ಸೂಕ್ಷ್ಮವನ್ನು ಅರಿಶಿನ ಹೇಳುವುದಿಲ್ಲ.

ಮಾಡಿದ್ದಕ್ಕಿಂತ ಒಪ್ಪಿಸಿದ್ದು ಕಷ್ಟ. ಮೊದಲ ದೊಡ್ಡ ಗಿರಾಕಿ ಒಂದು ಕಲ್ಯಾಣ ಮಂಟಪದ ಅಡಿಗೆ ಭಟ್ಟರು. ಎರಡು ದಿನ ಬಳಸಿ ಫೋನ್ ಮಾಡಿದರು. "ಏನಮ್ಮಾ, ನೊರೆನೇ ನಿಲ್ಲಲ್ವಲ್ಲ, ನೀರು ಬೆರೆಸಿದೀಯಾ?" ಮರುದಿನವೇ ಹೋದೆ. ಸಾರಿನ ಕೊಳದಪ್ಪಲೆಗಳನ್ನು ಎರಡು ಪಾಲು ಮಾಡಿ ಒಂದಕ್ಕೆ ಅವರ ಹಳೇ ಲಿಕ್ವಿಡ್, ಇನ್ನೊಂದಕ್ಕೆ ನನ್ನದು. ನನ್ನದರ ನೊರೆ ಜಿಡ್ಡು ತಾಗಿದ ಕೂಡಲೇ ಕುಸಿಯಿತು, ಜಿಡ್ಡು ಮಾತ್ರ ಬಿಟ್ಟಿತು. ಹಳೆಯದರ ಪಾಲಿಗೆ ನೊರೆ ಹೋಗಿಸಲು ಮೂರು ಸಲ ನೀರು ಹಿಡಿಯಬೇಕಾಯಿತು, ನನ್ನದಕ್ಕೆ ಎರಡೇ ಸಲ. ಭಟ್ಟರು ಪಾತ್ರೆ ಒಳಗೆ ಕೈ ಆಡಿಸಿ ನೋಡಿದರು, ಇನ್ನೂ ಅನುಮಾನವೇ. ತೊಳೆಯುತ್ತಿದ್ದ ಹೆಂಗಸು ನಡುವೆ ಬಾಯಿ ಹಾಕಿದರು. "ಇದೇ ಇರ್ಲಿ ಬಿಡಿ ಸ್ವಾಮಿ, ಕೈ ಉರಿಯಲ್ಲ." ಅವರ ಬೆರಳ ಸಂದುಗಳಲ್ಲಿ ಚರ್ಮ ಸುಲಿದು ಕೆಂಪಗಾಗಿತ್ತು. ಅದನ್ನು ನೋಡಿದ ಮೇಲೆ ಈ ಕೆಲಸವನ್ನು ಯಾವ ಕಾರಣಕ್ಕೂ ಬಿಡಬಾರದು ಅಂತ ಗಟ್ಟಿ ಮಾಡಿಕೊಂಡೆ.

ಬಾಟಲಿ ವಿಷಯ ಬೇಗ ಬಗೆಹರಿಯಿತು. ಐದು ಲೀಟರ್ ಕ್ಯಾನಿನಲ್ಲಿ ಕೊಡುತ್ತೇನೆ, ಖಾಲಿ ಮಾಡಿ ತಂದವರಿಗೆ ತೊಳೆದು, ಒಣಗಿಸಿ ಮತ್ತೆ ತುಂಬಿಸಿ ಕೊಡುತ್ತೇನೆ.

ಸಮಾಧಾನ ಆಗದ ವಿಷಯ ಇನ್ನೊಂದಿದೆ. ನಮ್ಮ ಕಡೆ ಪಾತ್ರೆ ತೊಳೆದ ನೀರು ಹಿತ್ತಲ ಬಾಳೆಗಿಡಕ್ಕೋ ತೆಂಗಿನ ಬುಡಕ್ಕೋ ಹೋಗುತ್ತದೆ. ನನ್ನ ಸಿಟ್ರೇಟ್‌ನಲ್ಲಿ ಸೋಡಿಯಂ ಇದೆ. ಸೋಡಿಯಂ ಮಣ್ಣಿನಲ್ಲಿ ಸೇರುತ್ತಾ ಹೋದರೆ ಮಣ್ಣು ಬಿಗಿದುಕೊಂಡು ನೀರು ಇಂಗುವುದಿಲ್ಲ. ಅದರ ಬದಲು ಪೊಟ್ಯಾಸಿಯಂ ಸಿಟ್ರೇಟ್ ಹಾಕಿದರೆ ಬಾಳೆಗೆ ಒಳ್ಳೆಯದೇ, ಪೊಟ್ಯಾಶ್ ಬಾಳೆಗೂ ತೆಂಗಿಗೂ ಬೇಕಾದ ಗೊಬ್ಬರ. ಆದರೆ ಬೆಲೆ ಏರುತ್ತದೆ. ಈಗ ಹಿತ್ತಲಲ್ಲಿ ಒಂದೇ ವಯಸ್ಸಿನ ಎರಡು ಬಾಳೆ ಕಂದು ನೆಟ್ಟು, ಎರಡಕ್ಕೂ ಬೇರೆ ಬೇರೆ ಪೈಪು ಎಳೆದಿದ್ದೇನೆ. ಬೆಳಿಗ್ಗೆಯ ಪಾತ್ರೆಗೆ ಸೋಡಿಯಂ ಸಿಟ್ರೇಟ್ ಹಾಕಿದ ಲಿಕ್ವಿಡ್, ಸಂಜೆಯದಕ್ಕೆ ಪೊಟ್ಯಾಸಿಯಂ ಸಿಟ್ರೇಟ್ ಹಾಕಿದ್ದು. ಪೈಪು ಬದಲಿಸುವುದನ್ನು ಅಮ್ಮ ಮರೆಯುವುದಿಲ್ಲ, ನಾನೇ ಒಂದೊಂದು ದಿನ ಮರೆಯುತ್ತೇನೆ. ಗೊನೆ ಬರಲಿ, ಎರಡನ್ನೂ ತೂಗಿ ನೋಡಿ ಮುಂದಿನದು ತೀರ್ಮಾನ ಮಾಡುತ್ತೇನೆ.