ಮಣಿಕಟ್ಟು ಬಿಡಿಸಿಕೊಳ್ಳಲು ಕಲಿತ ಮೂರು ತಿಂಗಳು

ಕೆಲಸದ ಮೇಲೆ ದಕ್ಷಿಣ ಕೊರಿಯಾದ ದೇಗು ನಗರದಲ್ಲಿದ್ದ ಎರಡು ವರ್ಷ ನಾನು ಹಾಪ್ಕಿಡೊ ಎಂಬ ಕೊರಿಯಾದ ಆತ್ಮರಕ್ಷಣೆಯ ಕಲೆ ಕಲಿತೆ. ಆ ಕಲೆ ಬೇರುಬಿಟ್ಟದ್ದೂ ಅದೇ ಊರಿನಲ್ಲಿ. ಜಪಾನಿನಿಂದ ಮರಳಿದ್ದ ಅದರ ಸ್ಥಾಪಕ ಚೊಯ್ ಯೊಂಗ್-ಸುಲ್ 1948ರಲ್ಲಿ ಅಲ್ಲಿನ ಒಂದು ಮದ್ಯದ ಭಟ್ಟಿಯಲ್ಲಿ ತಮ್ಮ ಮೊದಲ ಶಿಷ್ಯನಿಗೆ ಪಾಠ ಆರಂಭಿಸಿದರು.

ಮೊದಲ ದಿನ ಗುರುಗಳು ನನ್ನ ಮಣಿಕಟ್ಟು ಹಿಡಿದು, ಬಿಡಿಸಿಕೋ ಎಂದರು. ಅವರಿಗೆ ಅರವತ್ತು ದಾಟಿತ್ತು. ಭುಜದ ಬಲವನ್ನೆಲ್ಲ ಹಾಕಿ ಎಳೆದೆ, ಕೈ ಅಲುಗಲಿಲ್ಲ. ಮೂರು ತಿಂಗಳು ಹೀಗೇ ಎಳೆಯುತ್ತಿದ್ದೆ.

ಹಾಪ್ಕಿಡೊದ ತತ್ವ ಮೂರು: ಯು, ವೊನ್, ಹ್ವಾ. ಯು ಎಂದರೆ ನೀರಿನಂತೆ ಹರಿಯುವುದು, ವೊನ್ ಎಂದರೆ ವೃತ್ತ, ಹ್ವಾ ಎಂದರೆ ಎದುರಾಳಿಯ ಬಲಕ್ಕೆ ಅಡ್ಡ ನಿಲ್ಲದೆ ಹೊಂದಿಕೊಳ್ಳುವುದು. ಬಾಯಿಪಾಠ ಮಾಡಲು ಒಂದು ನಿಮಿಷ ಸಾಕು. ಕೈಗೆ ಬರಬೇಕಾದರೆ ಹಿಡಿತವನ್ನೇ ಗಮನಿಸಬೇಕು. ಯಾರೇ ಹಿಡಿದರೂ ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳು ಇನ್ನೊಂದು ಕಡೆ; ಅವುಗಳ ತುದಿ ಸೇರುವಲ್ಲೇ ಹಿಡಿತ ದುರ್ಬಲ. ಮೊದಲು ನನ್ನ ಬೆರಳುಗಳನ್ನು ಅಗಲವಾಗಿ ಬಿಡಿಸಬೇಕು, ಆಗ ಮುಂಗೈಯ ಸ್ನಾಯುಗಳು ಬಿಗಿಯಾಗುತ್ತವೆ. ಆಮೇಲೆ ಕೈಯನ್ನು ಹಿಂದಕ್ಕೆ ಎಳೆಯದೆ, ಒಂದು ಹೆಜ್ಜೆ ಒಳಗಿಟ್ಟು, ಮೊಣಕೈಯನ್ನು ಪಕ್ಕೆಗೆ ಇಳಿಸಿ, ಮಣಿಕಟ್ಟಿನ ತೆಳು ಅಂಚನ್ನು ಆ ಸಂದಿಗೆ ತಿರುಗಿಸಬೇಕು. ಬೀಸುವ ಕಲ್ಲಿನ ಗೂಟ ಹಿಡಿದು ತಿರುಗಿಸಿದವರಿಗೆ ಇದು ಬೇಗ ಅರ್ಥವಾದೀತು: ತಿರುಗುವುದು ಕೈಯಾದರೂ ಬಲ ಬರುವುದು ಸೊಂಟದಿಂದ.

ಅವಸರದಲ್ಲಿ ನಾನು ಕಡೆಗಣಿಸಿದ್ದು ಬೀಳುವುದನ್ನು. ಜೊತೆಗಾರ ಎಸೆದಾಗ ಅಂಗೈ ಊರಿ ಬಿದ್ದೆ. ಮಣಿಕಟ್ಟು ಉಳುಕಿ ಮೂರು ವಾರ ಮನೆಯಲ್ಲಿ ಕೂತೆ. ವಾಪಸು ಹೋದ ಮೇಲೆ ನಕ್ಬೊಪ್, ಅಂದರೆ ಬೀಳುವ ವಿದ್ಯೆ, ಒಂದನ್ನೇ ತಿಂಗಳುಗಟ್ಟಲೆ ಮಾಡಿದೆ. ಗದ್ದ ಎದೆಗೆ, ಉಸಿರು ಹೊರಗೆ, ಅಂಗೈ ಮುಂಗೈ ಒಟ್ಟಿಗೆ ಚಾಪೆಗೆ ಬಡಿಯಬೇಕು. ಬೀಳುವ ಭಯ ಹೋದ ಮೇಲೆ ಭುಜ ಸಡಿಲವಾಯಿತು. ಭುಜ ಸಡಿಲವಾದಾಗಲೇ ಎದುರಾಳಿ ಎಳೆಯುವ ದಿಕ್ಕು ನನ್ನ ಕೈಗೆ ತಿಳಿಯತೊಡಗಿತು. ಹೊಸಬರಿಗೆ ನಾನು ಹೇಳುವುದು ಇದನ್ನೇ: ಮೊದಲು ಬೀಳಲು ಕಲಿಯಿರಿ.

ಒಂದು ಸಂಜೆ ಗುರುಗಳು ಮತ್ತೆ ಮಣಿಕಟ್ಟು ಹಿಡಿದರು. ಅವರು ಎಳೆದ ಕಡೆಗೇ ಹೆಜ್ಜೆ ಹಾಕಿ ತಿರುಗಿದೆ, ಕೈ ಹೊರಗಿತ್ತು. ಅವರು ಏನೂ ಹೇಳಲಿಲ್ಲ, ಎಡಗೈ ಹಿಡಿದರು. ಆ ಕಡೆ ನನಗೆ ಇವತ್ತಿಗೂ ವೃತ್ತ ಪೂರ್ತಿ ಬರುವುದಿಲ್ಲ. ಕೊನೆಯಲ್ಲಿ ಭುಜ ಮೇಲೇಳುತ್ತದೆ.