ನೊರೆ ಬಂದರೆ ಸಿಮೆಂಟೆನ್ನಲಾಗದು

ಕಲಬುರಗಿಯ ಹೊರವಲಯದಲ್ಲಿರುವ ನಮ್ಮ ಮನೆಯ ಕಿಟಕಿಗಳ ಮೇಲೆ ಬೇಸಿಗೆಯಲ್ಲಿ ದಿನವೂ ಕೂರುವ ಬೂದುಬಣ್ಣದ ಧೂಳು ಸಿಮೆಂಟಿನದೇ ಎಂದು ಮನೆಯವರೆಲ್ಲ ತೀರ್ಮಾನಿಸಿದ್ದರು. ಭೂವಿಜ್ಞಾನ ಕಲಿಸುವ ನಾನೂ ಆತುರಪಟ್ಟೆ: ಚಿಟಿಕೆ ಧೂಳಿನ ಮೇಲೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟೆ, ನೊರೆ ಉಕ್ಕಿತು, ಒಪ್ಪಿಕೊಂಡೆ. ಆದರೆ ನಮ್ಮ ಕಡೆ ನೆಲಕ್ಕೆ ಹಾಸುವ ಶಹಾಬಾದದ ಪರಸಿಯೇ ಸುಣ್ಣಕಲ್ಲು. ನಮ್ಮ ಎರೆಮಣ್ಣಿನಲ್ಲಿಯೂ ಸುಣ್ಣದ ಹರಳುಗಳಿರುತ್ತವೆ. ಹೊಸ ಸಿಮೆಂಟಿಗಿಂತ ಇವೆರಡೇ ಹೆಚ್ಚು ನೊರೆ ಕೊಡುತ್ತವೆಂಬುದು ಆಮೇಲೆ ನೆನಪಾಯಿತು.

ಹೀಗಾಗಿ ಮತ್ತೆ ಮೊದಲಿನಿಂದ ಆರಂಭಿಸಿದೆ. ವ್ಯಾಸಲಿನ್ ಸವರಿದ ಗಾಜಿನಪಟ್ಟಿ ಇಟ್ಟರೆ ಅದರೊಳಗಿನ ಮೇಣದ ಹರಳುಗಳೇ ಮಿನುಗಿ ಗೊಂದಲ ಮಾಡಿದವು. ಆದ್ದರಿಂದ ತೊಳೆದೊಣಗಿಸಿದ ಸ್ಟೀಲ್ ತಟ್ಟೆಗಳನ್ನು ಒಂದು ಹಗಲು ಇಟ್ಟು, ಮೆತ್ತನೆಯ ಕುಂಚದಿಂದ ಧೂಳು ಕೂಡಿಸಿಕೊಂಡೆ. ನೀರು ತಗುಲಿದರೆ ಸಿಮೆಂಟಿನ ಕಣ ಬದಲಾಗುವುದರಿಂದ ಲವಂಗದ ಎಣ್ಣೆಯಲ್ಲಿ ಹರಡಿ, ಕಾಲೇಜಿನ ಪೋಲರೈಸಿಂಗ್ ಮೈಕ್ರೋಸ್ಕೋಪಿನಡಿ ಇಟ್ಟೆ.

ಆ ಎಣ್ಣೆಯ ವಕ್ರೀಭವನಾಂಕ, ಅಂದರೆ ಬೆಳಕನ್ನು ಬಾಗಿಸುವ ಅಳತೆ, ಸುಮಾರು 1.53. ಕಣದ ಅಂಕ ಇದಕ್ಕೆ ಹತ್ತಿರವಾದಷ್ಟೂ ಅದರ ಅಂಚು ಮಸುಕಾಗುತ್ತದೆ. ಕ್ವಾರ್ಟ್ಜ್‌ನದು 1.544ರಿಂದ 1.553 ಇರುವುದರಿಂದ ಅದರ ಅಂಚು ಹೆಚ್ಚುಕಡಿಮೆ ಮಾಯವಾಗುತ್ತದೆ. ಸುಣ್ಣಕಲ್ಲಿನ ಕ್ಯಾಲ್ಸೈಟ್‌ನದು ದಿಕ್ಕಿಗೆ ತಕ್ಕಂತೆ 1.486ರಿಂದ 1.658ರವರೆಗೆ ಬದಲಾಗುತ್ತದೆ, ಒಂದೇ ಪೋಲರಾಯ್ಡ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ) ಇಟ್ಟು ಮೈಕ್ರೋಸ್ಕೋಪಿನ ವೇದಿಕೆ ತಿರುಗಿಸಿದರೆ ಕಣದ ಅಂಚು ಒಮ್ಮೆ ಕಪ್ಪಾಗಿ, ಒಮ್ಮೆ ಮಸುಕಾಗಿ, ಕಣ್ಣು ಮಿಟುಕಿಸಿದಂತೆ ಕಾಣುತ್ತದೆ. ಸಿಮೆಂಟಿನ ಕ್ಲಿಂಕರ್ (ಕುಲುಮೆಯಲ್ಲಿ ಸುಟ್ಟು ಮಾಡಿದ, ಪುಡಿಮಾಡಿದರೆ ಸಿಮೆಂಟಾಗುವ ಗಟ್ಟಿ) ಕಣಗಳ ಅಂಕ 1.7ರ ಆಸುಪಾಸಿನದಾದ್ದರಿಂದ ಹೇಗೆ ತಿರುಗಿಸಿದರೂ ಅಂಚು ಗಾಢವಾಗಿಯೇ ಉಳಿಯುತ್ತದೆ. ನನಗೆ ಕಂಡವುಗಳಲ್ಲಿ ಮಿಟುಕಿಸುವವೇ ಬಹಳ. ಕ್ಲಿಂಕರ್ ಹುಡುಕಿ ಹುಡುಕಿ ನಾಲ್ಕೈದು ಸಿಕ್ಕವು. ಗುಂಡಗಿನ ಗಾಜಿನಂಥ ಹಾರುಬೂದಿಯ (ಕಲ್ಲಿದ್ದಲು ಉರಿದಾಗ ಹಾರುವ ಬೂದಿ) ಕಣಗಳೂ ಅಲ್ಲಲ್ಲಿ ಇದ್ದವು. ಅವು ಒಂದಕ್ಕೊಂದು ಅಡ್ಡವಾಗಿಟ್ಟ ಎರಡು ಪೋಲರಾಯ್ಡ್‌ಗಳ ನಡುವೆ ಕತ್ತಲಾಗಿಯೇ ಉಳಿದವು.

ಖಾತ್ರಿಗಾಗಿ ಸ್ವಲ್ಪ ಧೂಳನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಇರುವ ಪ್ರಯೋಗಾಲಯಕ್ಕೆ ಕಳುಹಿಸಿದೆ. ಎಕ್ಸ್‌ರೇ ವಿಶ್ಲೇಷಣೆಯಲ್ಲಿ ಬಹುತೇಕ ಸುಣ್ಣದ ಕಣಗಳಲ್ಲಿ ಸಿಲಿಕಾನ್ ಇರಲಿಲ್ಲ; ಕ್ಲಿಂಕರ್ ಆಗಿದ್ದರೆ ಕ್ಯಾಲ್ಸಿಯಂ ಜೊತೆಗೆ ಅದೂ ಇರಬೇಕಿತ್ತು.

ಒಳಕೋಣೆಯ ತಟ್ಟೆಯಲ್ಲಿ ಮಾತ್ರ ಅಡ್ಡ ಪೋಲರಾಯ್ಡ್‌ಗಳ ನಡುವೆ ಮೈಮೇಲೆ ಕಪ್ಪು ಶಿಲುಬೆಯ ಗುರುತು ತೋರುವ ಪಿಷ್ಟದ ಕಣಗಳು ತುಂಬಿದ್ದವು. ಅಯೋಡಿನ್ ಹಾಕಿದಾಗ ನೀಲಿಯಾದವು. ದಾಲ್ ಮಿಲ್ಲಿನದೆಂದು ಮಡದಿ ಹೇಳಿದಳು. ಆದರೆ ತೊಗರಿಯ ಪಿಷ್ಟ ಅಂಡಾಕಾರವಾಗಿ, ನಡುವೆ ಉದ್ದನೆಯ ಸೀಳು ಹೊಂದಿರುತ್ತದೆ. ಇವು ಮೂಲೆಮೂಲೆಯಾಗಿದ್ದು, ನಟ್ಟನಡುವೆ ಚುಕ್ಕೆಯಿದ್ದ ಜೋಳದ ಕಣಗಳು. ರೊಟ್ಟಿ ತಟ್ಟುವಾಗ ಹಾರಿದ ನಮ್ಮದೇ ಹಿಟ್ಟು.