ಆಫ್ ಆಗುವ ಹಳೆ ಕಾರು: ಗೇಜ್ ಕಟ್ಟಿಕೊಂಡೇ ಓಡಿಸಿ ಹಿಡಿದ ದೋಷ

ಅರ್ಧ ಗಂಟೆ ಓಡಿ ಆಫ್ ಆಗುವುದು, ಹತ್ತು ಹದಿನೈದು ನಿಮಿಷ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುವುದು. ಹಳೆ ಪೆಟ್ರೋಲ್ ಇಂಜೆಕ್ಷನ್ ಕಾರಿನ ಈ ಕಾಯಿಲೆಗೆ ಎಲ್ಲರೂ ಹೇಳುವ ಮದ್ದು ಒಂದೇ, ಟ್ಯಾಂಕಿನಿಂದ ಇಂಜಿನ್‌ಗೆ ಪೆಟ್ರೋಲ್ ತಳ್ಳುವ ಪಂಪ್ ಬದಲಿಸು. ನನ್ನ ಕಾರಿಗೆ ಫಿಲ್ಟರ್ ಬಂತು, ಪಂಪ್ ಬಂತು, ಇಂಜೆಕ್ಟರ್ ಕ್ಲೀನಿಂಗೂ ಆಯಿತು. ಕಾಯಿಲೆ ಕದಲಲಿಲ್ಲ. ಕೊನೆಗೆ ಗುಣವಾದದ್ದು ಪಂಪ್ ರಿಲೇ (ಪಂಪಿಗೆ ಕರೆಂಟ್ ಬಿಡುವ ಸ್ವಿಚ್ಚು) ಒಳಗಿನ ಒಂದು ಬೆಸುಗೆ ಬಿಂದುವನ್ನು ಮತ್ತೆ ಕಾಯಿಸಿದಾಗ. ಪಂಪಿಗೆ ಹೋದ ದುಡ್ಡಿನಲ್ಲಿ ಡಜನ್‌ಗಟ್ಟಲೆ ರಿಲೇ ಕೊಳ್ಳಬಹುದಿತ್ತು.

ನಿಲ್ಲಿಸಿದ ಕಾರಿನಲ್ಲಿ ಪೆಟ್ರೋಲ್ ಪ್ರೆಶರ್ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ದೋಷ ಕಾಣಬೇಕಾದರೆ ಅದು ಬರುವ ಹೊತ್ತಿಗೇ ಅಳೆಯಬೇಕು. ಅದಕ್ಕೇ ಪ್ರೆಶರ್ ಗೇಜನ್ನು ಕಟ್ಟಿಕೊಂಡು ಓಡಿಸಿದೆ. ಹುಚ್ಚು ಕೆಲಸ ಅಂದವರೇ ಆಮೇಲೆ ಗೇಜ್ ಜೋಡಿಸುವ ಅಡಾಪ್ಟರ್ ಕೇಳಿ ಪಡೆದರು.

ಮೊದಲು ಪಂಪ್ ಫ್ಯೂಸ್ ತೆಗೆದು, ಇಂಜಿನ್ ತಾನಾಗಿ ಆಫ್ ಆಗುವವರೆಗೆ ಓಡಿಸಿ ಲೈನ್ ಪ್ರೆಶರ್ ಇಳಿಸಿ. ರೈಲ್‌ಗೆ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆ) ಹೋಗುವ ಪೈಪಿಗೆ ಗೇಜಿಗಾಗಿ ಟೀ, ಅಂದರೆ T ಆಕಾರದ ಜಾಯಿಂಟ್, ಸೇರಿಸಿ, ಇಂಜೆಕ್ಷನ್ ಪ್ರೆಶರ್ ತಡೆಯುವ ಹೋಸ್ ಮತ್ತು ಕ್ಲಾಂಪನ್ನೇ ಬಳಸಿ. ಗೇಜ್ ಇರಬೇಕಾದದ್ದು ವಿಂಡ್‌ಶೀಲ್ಡಿನ ಹೊರಗೆ, ಟೇಪ್ ಹಾಕಿ. ಪೆಟ್ರೋಲ್ ಪೈಪ್ ಕ್ಯಾಬಿನ್ ಒಳಗೆ ಬರಲೇಕೂಡದು. ರಸ್ತೆಗಿಳಿಯುವ ಮುಂಚೆ ಐದು ನಿಮಿಷ ಐಡಲ್‌ನಲ್ಲಿ ಬಿಟ್ಟು ಪ್ರತಿ ಜಾಯಿಂಟಿನಲ್ಲೂ ಸೋರಿಕೆ ನೋಡಿ. ಅಗ್ನಿಶಾಮಕ ಸಿಲಿಂಡರ್ ಕೈಗೆಟುಕುವಲ್ಲಿರಲಿ. ಮೀಟರ್ ನೋಡುವುದು ಪಕ್ಕದಲ್ಲಿ ಕೂತವರ ಕೆಲಸ.

ಜೊತೆಗೆ ಪಂಪ್ ಕನೆಕ್ಟರ್‌ನ ಎರಡು ಕಾಲುಗಳ ನಡುವೆ ವೋಲ್ಟ್‌ಮೀಟರ್. ತಂತಿಯ ಸಿಪ್ಪೆ ಚುಚ್ಚದೆ ಅದನ್ನು ಸಿಕ್ಕಿಸುವ ನನ್ನದೇ ಒಂದು ಉಪಾಯವಿದೆ, ಸದ್ಯಕ್ಕೆ ಅದು ನನ್ನ ಹತ್ತಿರವೇ ಇರಲಿ.

ರಿಟರ್ನ್ ಪೈಪ್ (ಮಿಕ್ಕ ಪೆಟ್ರೋಲನ್ನು ಟ್ಯಾಂಕಿಗೆ ವಾಪಸ್ ಒಯ್ಯುವುದು) ಇರುವ ವ್ಯವಸ್ಥೆಯಲ್ಲಿ ಐಡಲ್‌ನಲ್ಲಿ ಸುಮಾರು 2.5 ಬಾರ್, ಪ್ರೆಶರ್ ಹದದಲ್ಲಿಡುವ ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸ್ ಕಿತ್ತರೆ 3ರ ಹತ್ತಿರ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗಲೂ 3ರ ಹತ್ತಿರವೇ ಇರಬೇಕು. ನನ್ನ ಕಾರಿನಲ್ಲಿ ವೋಲ್ಟೇಜ್ 13.5ರ ಆಸುಪಾಸಿನಿಂದ 9ಕ್ಕೆ ಜಾರಿತು, ಅದರ ಹಿಂದೆಯೇ ಪ್ರೆಶರ್ ಬಿತ್ತು, ಇಂಜಿನ್ ಸತ್ತಿತು. ವೋಲ್ಟೇಜ್ ಮೊದಲು ಬಿದ್ದಿತೆಂದರೆ ಪಂಪಿಗಿಂತ ಮುಂಚೆ ಅದಕ್ಕೆ ಕರೆಂಟ್ ತರುವ ದಾರಿಯನ್ನು ನೋಡಿ. ಪಾಸಿಟಿವ್ ಕಡೆ ಎಷ್ಟು ವೋಲ್ಟೇಜ್ ಕಳೆದುಹೋಗುತ್ತದೆ, ಗ್ರೌಂಡ್ ಕಡೆ ಎಷ್ಟು ಎಂದು ಬೇರೆ ಬೇರೆಯಾಗಿ, ಪಂಪ್ ಓಡುತ್ತಿರುವಾಗಲೇ ಅಳೆಯಿರಿ. ಗ್ರೌಂಡ್‌ನಲ್ಲಿ 0.2 ವೋಲ್ಟ್ ದಾಟಿದರೆ ಬೋಲ್ಟ್ ಬಿಚ್ಚಿ ತುಕ್ಕು ಉಜ್ಜಿ. ಆಮೇಲೆ ಕುತೂಹಲಕ್ಕೆ ರಿಲೇ ಮುಚ್ಚಳ ತೆಗೆದು ಹೇರ್ ಡ್ರೈಯರ್ ಹಿಡಿದೆ: ಬಿಸಿಯಾದಂತೆ ವೋಲ್ಟೇಜ್ ಕುಸಿಯಿತು, ಬಿಂದುವಿನ ಸುತ್ತ ಕೂದಲೆಳೆಯ ಬಿರುಕು ಭೂತಗನ್ನಡಿಯಲ್ಲಿ ಸ್ಪಷ್ಟವಾಗಿ ಕಂಡಿತು.

ವೋಲ್ಟೇಜ್ ಗಟ್ಟಿಯಾಗಿದ್ದು ಪ್ರೆಶರ್ ಮಾತ್ರ ನಿಧಾನವಾಗಿ ಇಳಿದರೆ ಟ್ಯಾಂಕ್ ಮುಚ್ಚಳ ತೆಗೆಯಿರಿ. ಗಾಳಿ ಒಳಗೆ ಎಳೆದುಕೊಂಡು ಪ್ರೆಶರ್ ಏರಿದರೆ ಟ್ಯಾಂಕಿಗೆ ಗಾಳಿ ಬಿಡುವ ವೆಂಟ್ ಕಟ್ಟಿದೆ. ಏರದಿದ್ದರೆ ಪಂಪಿನ ಬುಡದ ಬಲೆಯ ಮೇಲೆ ಅನುಮಾನ. ಕಸ ಎಳೆದು ಅಂಟಿಕೊಳ್ಳುತ್ತದೆ, ಪಂಪ್ ನಿಂತಾಗ ಕಳಚುತ್ತದೆ, ಅದಕ್ಕೇ ಬಿಟ್ಟು ಸ್ಟಾರ್ಟ್ ಮಾಡಿದರೆ ಓಡುತ್ತದೆ. ಇಲ್ಲಿ ಪ್ರೆಶರ್ ಒಂದನ್ನೇ ನಂಬಬೇಡಿ, ಐಡಲ್‌ಗೆ ಬೇಕಾಗುವ ಪೆಟ್ರೋಲ್ ಬಹಳ ಕಮ್ಮಿ. ಪಂಪ್ ಎಷ್ಟು ಪೆಟ್ರೋಲ್ ತಳ್ಳುತ್ತದೆಂದೂ ಅಳೆಯಿರಿ. ತಣ್ಣಗಿನ ಇಂಜಿನ್, ತೆರೆದ ಜಾಗ. ರಿಟರ್ನ್ ಪೈಪನ್ನು ಕ್ಯಾನಿಗೆ ಬಿಟ್ಟು ರಿಲೇ ಜಾಗದಲ್ಲಿ ಜಂಪರ್ ತಂತಿ ಹಾಕಿ ಪಂಪ್ ಓಡಿಸಿ. ಮೂವತ್ತು ಸೆಕೆಂಡಿಗೆ ಅರ್ಧ ಲೀಟರಾದರೂ ಬೀಳಬೇಕು, ಒಳ್ಳೆಯ ಪಂಪ್ ಮುಕ್ಕಾಲು ಕೊಡುತ್ತದೆ.

ಪ್ರೆಶರ್ ಅಲುಗದೆ ಇಂಜಿನ್ ಸತ್ತರೆ ಪೆಟ್ರೋಲ್ ಲೈನ್ ಬಿಡಿ. ಗೇರಿನಲ್ಲಿ ಕಾರು ಇನ್ನೂ ಉರುಳುತ್ತಿರುವಾಗಲೇ ಆರ್‌ಪಿಎಂ ಮುಳ್ಳು ಸೊನ್ನೆಗೆ ಬಿದ್ದರೆ, ಇಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ನೋಡಿ.

ಇದೇ ಹುರುಪಿನಲ್ಲಿ ಒಂದು ಕಾರ್ಬ್ಯುರೇಟರ್ ಕಾರಿಗೂ ಕೈ ಹಾಕಿದೆ. ಮೆಕ್ಯಾನಿಕಲ್ ಪಂಪಿನ ಮುಂಚೆ ಗೇಣುದ್ದ ಪಾರದರ್ಶಕ ಪೈಪ್ ಹಾಕಿದರೆ ಗುಳ್ಳೆಗಳ ಸಾಲು ಕಂಡಿತು. ಎಳೆಯುವ ಕಡೆ ರಬ್ಬರ್ ಬಿರಿದರೆ ಪೆಟ್ರೋಲ್ ತೊಟ್ಟಿಕ್ಕಬೇಕೆಂದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹೊಸ ಹೋಸ್ ಹಾಕಿದರೆ ಮುಗಿಯಿತು. ಪಾರದರ್ಶಕ ಪೈಪ್ ಪರೀಕ್ಷೆಗೆ ಮಾತ್ರ. ಪೆಟ್ರೋಲಿಗೆ ಗಡುಸಾಗಿ ಒಡೆಯುತ್ತದೆ, ಅದೇ ದಿನ ತೆಗೆಯಿರಿ.

ಗೇಜ್ ಬಿಚ್ಚುವ ಮುಂಚೆ ಇಂಜಿನ್ ಆಫ್ ಮಾಡಿ ಅರ್ಧ ಗಂಟೆ ಮುಳ್ಳು ನೋಡಿ. ಬೇಗ ಸೊನ್ನೆಗಿಳಿದರೆ, ಮತ್ತೆ ಪ್ರೆಶರ್ ತುಂಬಿಸಿ, ಪಂಪ್ ನಿಂತ ಮೇಲೆ ರಿಟರ್ನ್ ಹೋಸನ್ನು ಮೆತ್ತಗೆ ಹಿಸುಕಿ ಮುಚ್ಚಿ. ಈಗ ಮುಳ್ಳು ನಿಂತರೆ ತಪ್ಪು ರೆಗ್ಯುಲೇಟರಿನದು, ಆಗಲೂ ಇಳಿದರೆ ಪೆಟ್ರೋಲ್ ಹಿಂದಕ್ಕೆ ಹೋಗದಂತೆ ತಡೆಯುವ ಪಂಪಿನ ಚೆಕ್ ವಾಲ್ವ್ ಇಲ್ಲವೇ ಸೋರುವ ಇಂಜೆಕ್ಟರ್. ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸಿನೊಳಗೆ ಪೆಟ್ರೋಲ್ ಹಸಿ ಇದ್ದರೆ ಅದರೊಳಗಿನ ಪೊರೆ, ಡಯಾಫ್ರಮ್, ಹರಿದಿದೆ, ಹಿಸುಕಿ ನೋಡುವುದೂ ಬೇಡ.